ಮಸಲ್ ಕಾರ್ ಡ್ರಿಫ್ಟಿಗೆ ಆಗುತ್ತಾ, ಇಲ್ಲಾ ಬರೀ ಹೊಗೆ ಎಬ್ಬಿಸೋಕಾ?

ಏಣಿಮನೆ
ಡ್ರಿಫ್ಟ್ (ಹಿಂದಿನ ಚಕ್ರ ಜಾರಿಸ್ತಾ ಕಾರನ್ನ ಅಡ್ಡಡ್ಡ ಓಡಿಸೋದು) ಅಂದ ಕೂಡಲೇ ಎಲ್ಲರೂ ಹೇಳೋದು ನಿಸಾನ್ 240ಎಸ್‌ಎಕ್ಸ್, 350ಝಡ್, ಇಲ್ಲಾಂದ್ರೆ ಇ36, ಇ46 ಬಿಎಂಡಬ್ಲ್ಯು. ಅಮೆರಿಕದಲ್ಲಿರೋರಿಗೆ ಈಗ ನೆಟ್ಟಗಿರೋ 240 ಸಿಗೋದೇ ಕಷ್ಟ, ಸಿಕ್ಕರೆ ಬೆಲೆ ಕೇಳಿ ವಾಪಸ್ ಬರಬೇಕು. ಅದೇ ಮಸಲ್ ಕಾರುಗಳು, ಅಂದ್ರೆ ದೊಡ್ಡ ಇಂಜಿನ್ನಿನ ಅಮೆರಿಕನ್ ಕಾರುಗಳಾದ ಮಸ್ಟ್ಯಾಂಗ್, ಕ್ಯಾಮರೊ, ಚಾಲೆಂಜರ್ ಬೀದಿಗೊಂದು ನಿಂತಿವೆ. ಹಿಂದಿನ ಚಕ್ರಕ್ಕೆ ಡ್ರೈವ್, ವಿ8 (ಎಂಟು ಸಿಲಿಂಡರ್) ಇಂಜಿನ್, ಹುಡುಕಿದ್ರೆ ಮ್ಯಾನ್ಯುಯಲ್ ಗೇರೂ ಸಿಗುತ್ತೆ. ಆದ್ರೂ "ಅವು ನೆಟ್ಟಗೆ ಓಡೋಕೆ ಮಾತ್ರ" ಅನ್ನೋ ಮಾತು ನಿಂತಿಲ್ಲ.

ಗೊತ್ತಿರೋರು ಹೇಳಿ: ತೂಕ, ಉದ್ದ ನಿಜವಾಗ್ಲೂ ಅಡ್ಡ ಬರುತ್ತಾ? 2014ರವರೆಗಿನ ಮಸ್ಟ್ಯಾಂಗಿನ ಹಿಂದಿನ ಸಾಲಿಡ್ ಆಕ್ಸಲ್ (ಎರಡೂ ಚಕ್ರ ಒಂದೇ ಗಟ್ಟಿ ಅಚ್ಚಿಗೆ) ಒಳ್ಳೇದಾ, ತಲೆನೋವಾ? ಮೊದಲು ಮುರಿಯೋದು ಏನು? ಸ್ಪರ್ಧೆಗಲ್ಲ, ಟ್ರ್ಯಾಕಿನ ಡ್ರಿಫ್ಟ್ ದಿನಗಳಲ್ಲಿ ಕಲಿಯೋಕೆ. ಸದ್ಯ ಕಣ್ಣಿರೋದು 2011–14ರ ಮಸ್ಟ್ಯಾಂಗ್ ಜಿಟಿ ಮ್ಯಾನ್ಯುಯಲ್ ಮೇಲೆ.

ಸಿಲ್ವಿಯಾಪ್ರಿಯ
ಆಗಲ್ಲ. ಚಕ್ರ ಇರೋ ಸೋಫಾ ಅವು. ಮುಂದಿನ ಪ್ರಶ್ನೆ.

ಎಂಟುಸಿಲಿಂಡರ್
ಅಮೆರಿಕದ ಡ್ರಿಫ್ಟ್ ಚಾಂಪಿಯನ್‌ಶಿಪ್ ಫಾರ್ಮುಲಾ ಡ್ರಿಫ್ಟ್ ಶುರುವಾಗಿದ್ದು 2004ರಲ್ಲಿ. ಮೊದಲ ವರ್ಷ ಗೆದ್ದಿದ್ದು ಸ್ಯಾಮುಯೆಲ್ ಹ್ಯೂಬಿನೆಟ್, ಡಾಡ್ಜ್ ವೈಪರ್‌ನಲ್ಲಿ. 2005ರಲ್ಲಿ ರೀಸ್ ಮಿಲ್ಲೆನ್, ಪಾಂಟಿಯಾಕ್ ಜಿಟಿಒ. 2010 ಮತ್ತು 2020ರಲ್ಲಿ ವಾನ್ ಗಿಟಿನ್ ಜೂನಿಯರ್, ಮಸ್ಟ್ಯಾಂಗ್. 2024ರಲ್ಲಿ ಜೇಮ್ಸ್ ಡೀನ್, ಅದೂ ಮಸ್ಟ್ಯಾಂಗ್. ಇಷ್ಟು ಜನ ಸೋಫಾ ಮೇಲೆ ಕೂತು ಗೆದ್ರಾ ಗುರು?

ಸಿಲ್ವಿಯಾಪ್ರಿಯ
ವೈಪರ್ ಮಸಲ್ ಕಾರ್ ಅಲ್ಲ, ವಿ10 ಸ್ಪೋರ್ಟ್ಸ್ ಕಾರ್. ಆ ಜಿಟಿಒ ಆಸ್ಟ್ರೇಲಿಯಾದ ಹೋಲ್ಡನ್ ಮೊನಾರೊ, ಬೋರ್ಡ್ ಮಾತ್ರ ಪಾಂಟಿಯಾಕ್ ಅಂತ. ಗಿಟಿನ್, ಡೀನ್ ಓಡಿಸೋ ಮಸ್ಟ್ಯಾಂಗ್‌ನಲ್ಲಿ ಶೋರೂಮಿನಿಂದ ಬಂದದ್ದು ಎಷ್ಟಿದೆ ಹೇಳಿ? ಸಸ್ಪೆನ್ಷನ್ ಬೇರೆ, ಡಿಫ್ (ಇಂಜಿನ್ ಶಕ್ತಿನ ಹಿಂದಿನ ಎರಡು ಚಕ್ರಕ್ಕೆ ಹಂಚೋ ಡಿಫರೆನ್ಷಿಯಲ್) ಬೇರೆ, ಇಂಜಿನ್ ಪುಶ್‌ರಾಡ್ ರೇಸ್ ಇಂಜಿನ್. ಅದನ್ನ ತೋರಿಸಿ "ಮಸ್ಟ್ಯಾಂಗ್ ಒಳ್ಳೇದು" ಅಂದ್ರೆ ಹೇಗೆ?

ಎಂಟುಸಿಲಿಂಡರ್
ಸರಿ, ಹಾಗಾದ್ರೆ ನಿಮ್ಮ ಕಡೆ ನೋಡೋಣ. 2011ರ ಚಾಂಪಿಯನ್ ಡೈಜಿರೊ ಯೋಶಿಹರಾ ಓಡಿಸಿದ್ದು ಎಸ್13, ಅಂದ್ರೆ ಹಳೇ ಮಾದರಿಯ 240ಎಸ್‌ಎಕ್ಸ್. ಬಾನೆಟ್ ಎತ್ತಿದ್ರೆ ಒಳಗೆ ಜಿಎಂನ ಎಲ್‌ಎಸ್ ವಿ8. 2013ರಲ್ಲಿ ಮೈಕಲ್ ಎಸ್ಸಾ ಗೆದ್ದ ಬಿಎಂಡಬ್ಲ್ಯು ಒಳಗೂ ಅದೇ ಎಲ್‌ಎಸ್. ಮೈ ಜಪಾನಿಂದೋ ಜರ್ಮನಿದೋ, ಎದೆ ಡೆಟ್ರಾಯಿಟ್‌ನದು.

ಕುಡ್ಲದ ಕ್ಲಚ್
ಮಾರಾಯ್ರೆ, ಎದೆ ಡೆಟ್ರಾಯಿಟ್‌ನದು ಅಂದ್ರೆ ಅವರ ಮಾತೇ ಗೆದ್ದ ಹಾಗಾಯ್ತಲ್ಲ! ಇಂಜಿನ್ ಒಳ್ಳೇದುಂಟು, ಹೊರಗಿನ ಮೈ ಬೇಡ ಅಂತ ತಾನೇ ಅವರು ತೆಗೆದು ಬೇರೆ ಕಾರಿಗೆ ಹಾಕಿದ್ದು?

ಟೈರ್‌ಲೆಕ್ಕ
ಬೈದಾಡೋದು ಬಿಟ್ಟು ಅಳತೆ ನೋಡಿ. ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರೋ ದೂರ): ಟೊಯೊಟಾ ಎಇ86 2,400 ಮಿಮೀ, ಎಸ್13 2,474, ಇ36 2,700, ಮಸ್ಟ್ಯಾಂಗ್ 2005ರಿಂದ ಈಚೆಗೆ 2,720, ಆರನೇ ತಲೆಮಾರಿನ ಕ್ಯಾಮರೊ 2,811, ಐದನೆಯದು 2,852, ಚಾಲೆಂಜರ್ 2,950ರ ಹತ್ತಿರ. ಅಂದ್ರೆ ಮಸ್ಟ್ಯಾಂಗಿಗೂ ಎಲ್ಲರೂ ಹೊಗಳೋ ಇ36ಗೂ ಇರೋ ವ್ಯತ್ಯಾಸ ಎರಡು ಸೆಂಟಿಮೀಟರ್ ಅಷ್ಟೇ. "ಮಸಲ್ ಕಾರ್ ಉದ್ದ" ಅನ್ನೋ ಮಾತು ಚಾಲೆಂಜರ್‌ಗೆ ಸರಿ, ಮಸ್ಟ್ಯಾಂಗಿಗೆ ತಪ್ಪು.

ಉದ್ದ ಇದ್ದರೆ ಕೆಟ್ಟದ್ದು ಅಂತಲೂ ಅಲ್ಲ. ಉದ್ದ ಏಣಿ ಹೊತ್ತುಕೊಂಡು ಓಣಿಯಲ್ಲಿ ತಿರುಗಿದ ಹಾಗೆ: ತಿರುಗೋಕೆ ನಿಧಾನ, ತಿರುಗಿದ ಮೇಲೆ ನಿಲ್ಲಿಸೋಕೂ ನಿಧಾನ. ಕಲಿಯೋರಿಗೆ ಮೊದಲನೆಯದು ಲಾಭ, ಯಾಕಂದ್ರೆ ಹಿಂಭಾಗ ಜಾರೋದು ಸೊಂಟಕ್ಕೆ ಗೊತ್ತಾದ ಮೇಲೆ ಸ್ಟೀರಿಂಗ್ ತಿರುಗಿಸೋಕೆ ಸಮಯ ಸಿಗುತ್ತೆ. ಎರಡನೆಯದು ನಷ್ಟ. ಎಡದಿಂದ ಬಲಕ್ಕೆ ಹೊರಳಿಸುವಾಗ ಕಾರು ತಡವಾಗಿ ಬರುತ್ತೆ, ಬಂದಾಗ ರಭಸದಲ್ಲಿ ಬರುತ್ತೆ. ಆಗ ಸ್ಟೀರಿಂಗ್ ಬೇಗ ಬಿಡದಿದ್ರೆ ಗಿರಕಿ ಗ್ಯಾರಂಟಿ.

ತೂಕಕ್ಕೆ ಬಂದ್ರೆ ಎಸ್13 ಸುಮಾರು 1,200 ಕೆಜಿ, 2011ರ ಮಸ್ಟ್ಯಾಂಗ್ ಜಿಟಿ ಸುಮಾರು 1,600, 2010ರ ಕ್ಯಾಮರೊ ಎಸ್‌ಎಸ್ 1,750, ಚಾಲೆಂಜರ್ ಆರ್/ಟಿ 1,850 ದಾಟುತ್ತೆ. ಎಲ್ಲರೂ ಮುದ್ದು ಮಾಡೋ ಇ46 ಎಂ3 ಕೂಡ 1,550ರ ಆಸುಪಾಸು, ಅದನ್ನ ಯಾರೂ ಸೋಫಾ ಅನ್ನಲ್ಲ. ತೂಕದ ಬಿಲ್ ಬರೋದು ಟೈರ್ ಅಂಗಡಿಯಲ್ಲಿ, ಬ್ರೇಕ್ ಪ್ಯಾಡಿನಲ್ಲಿ. ಡ್ರಿಫ್ಟ್ ಆಗುತ್ತೋ ಇಲ್ಲವೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಕಮ್ಮಿ.

ಗೇರ್‌ಬಾಕ್ಸ್ ಗುಂಡಣ್ಣ
ಟೈರ್‌ಲೆಕ್ಕ ಹೇಳಿದ್ದು ಸರಿ, ಆದ್ರೆ ಮುಖ್ಯವಾದ್ದು ಬಿಟ್ಟರು. ಕಂಪನಿ ಕೊಟ್ಟ ಕಾರಲ್ಲಿ ಮುಂದಿನ ಚಕ್ರ ತಿರುಗೋದು 30–40 ಡಿಗ್ರಿ ಅಷ್ಟೇ. ಸ್ಪರ್ಧೆ ಕಾರುಗಳು 60 ದಾಟ್ತವೆ. 400 ಕುದುರೆ ಇದ್ದು 35 ಡಿಗ್ರಿ ಸ್ಟೀರಿಂಗ್ ಇದ್ರೆ ಏನಾಗುತ್ತೆ? ಕಾಲು ಒತ್ತಿದಷ್ಟೂ ಹಿಂಭಾಗ ಹೊರಗೆ ಹೋಗ್ತಾನೇ ಇರುತ್ತೆ, ಅದನ್ನ ಹಿಡಿಯೋಕೆ ಸ್ಟೀರಿಂಗ್ ಉಳಿದಿರಲ್ಲ. ಗಿರಕಿ. ಜನ "ಪವರ್ ಜಾಸ್ತಿ ಆಯ್ತು" ಅಂತಾರೆ. ಜಾಸ್ತಿ ಆಗಿದ್ದು ಪವರ್ ಅಲ್ಲ ಸ್ವಾಮಿ, ಕಮ್ಮಿ ಆಗಿದ್ದು ಕೋನ.

ಅದಕ್ಕೇ 240ಎಸ್‌ಎಕ್ಸ್ ಹೊಸಬರಿಗೆ ಸುಲಭ. ಅದರ ಕಂಪನಿ ಇಂಜಿನ್ನಿಗೆ ಅಷ್ಟು ಕೋನ ಹುಟ್ಟಿಸೋ ತಾಕತ್ತೇ ಇಲ್ಲ.

ಏಣಿಮನೆ
ಹಾಗಾದ್ರೆ ಮೊದಲು ಆ್ಯಂಗಲ್ ಕಿಟ್‌ಗೆ (ಮುಂದಿನ ಚಕ್ರ ಹೆಚ್ಚು ತಿರುಗೋ ಹಾಗೆ ಮಾಡೋ ಭಾಗಗಳಿಗೆ) ದುಡ್ಡು ಹಾಕ್ಬೇಕಾ?

ಗೇರ್‌ಬಾಕ್ಸ್ ಗುಂಡಣ್ಣ
ಬೇಡ. ಮೊದಲು ಪುಕ್ಕಟೆ ಸಿಗೋದು ತಗೊಳ್ಳಿ. ಒಳಗಿನ ಟೈ ರಾಡ್ (ಸ್ಟೀರಿಂಗಿನಿಂದ ಚಕ್ರವನ್ನ ತಳ್ಳೋ ಕೋಲು) ಹಿಂದೆ ರ‍್ಯಾಕ್ ಸ್ಪೇಸರ್ ಹಾಕಿದ್ರೆ ರ‍್ಯಾಕ್ ಇನ್ನೊಂದು ಸ್ವಲ್ಪ ಓಡುತ್ತೆ, ಕೆಲವು ಡಿಗ್ರಿ ಸಿಗುತ್ತೆ. ಹಾಕಿದ ಮೇಲೆ ಕಾರನ್ನ ಸ್ಟ್ಯಾಂಡ್ ಮೇಲೆ ಎತ್ತಿ, ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಾಲ್ಕು ಕಡೆ ನೋಡಿ: ಟೈರ್ ಆ್ಯಂಟಿರೋಲ್ ಬಾರ್‌ಗೆ ತಾಗುತ್ತಾ, ಒಳಗಿನ ಫೆಂಡರ್ ಪ್ಲಾಸ್ಟಿಕ್ ಕೆರೆಯುತ್ತಾ, ಬ್ರೇಕ್ ಹೋಸ್ ಬಿಗಿ ಆಗುತ್ತಾ, ಎಬಿಎಸ್ ತಂತಿ ಎಳೆಯುತ್ತಾ. ಆಮೇಲೆ ಜ್ಯಾಕ್ ಇಟ್ಟು ಸಸ್ಪೆನ್ಷನ್ ಮೇಲಕ್ಕೆ ಒತ್ತಿ ಮತ್ತೆ ಅದೇ ನಾಲ್ಕು ನೋಡಿ. ಚಕ್ರ ನೇತಾಡುವಾಗ ತಾಗದೇ ಇದ್ದದ್ದು ಕಾರು ಕೂತಾಗ ತಾಗುತ್ತೆ.

ಇನ್ನೊಂದು ಅಪಾಯ ಇದೆ. ಟೈ ರಾಡ್ ಮತ್ತು ಸ್ಟೀರಿಂಗ್ ಆರ್ಮ್ ಒಂದೇ ಗೆರೆಗೆ ಬಂದ್ರೆ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತೆ, ವಾಪಸ್ ಬರಲ್ಲ. ಕಿಟ್ ಇಲ್ಲದೆ ಬರೀ ಸ್ಪೇಸರ್ ಪೇರಿಸೋರಿಗೆ ಇದೇ ಆಗೋದು. ಕಿಟ್ ಮಾಡೋದು ಬರೀ ಕೋನ ಹೆಚ್ಚಿಸೋ ಕೆಲಸ ಅಲ್ಲ, ಅಕರ್‌ಮನ್ (ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ತಿರುಗೋದು) ಕಮ್ಮಿ ಮಾಡುತ್ತೆ. ಇಲ್ಲಾಂದ್ರೆ ಪೂರ್ತಿ ತಿರುಗಿಸಿದಾಗ ಮುಂದಿನ ಎರಡು ಚಕ್ರ ಬೇರೆ ಬೇರೆ ಕಡೆ ನೋಡ್ತಾ ಒಂದು ಸುಮ್ಮನೆ ಉಜ್ಜಿಕೊಂಡು ಬರುತ್ತೆ, ಕಾರಿನ ವೇಗ ತಿನ್ನುತ್ತೆ.

ಚಕ್ರದ ಅಲೈನ್‌ಮೆಂಟ್ ಹೀಗೆ ಶುರು ಮಾಡಿ: ಮುಂದೆ ಕ್ಯಾಂಬರ್ (ಚಕ್ರ ಒಳಗೆ-ಹೊರಗೆ ವಾಲೋ ಕೋನ) ಮೈನಸ್ 3 ಡಿಗ್ರಿ, ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲೋ ಕೋನ) ಸಿಗುವಷ್ಟು, ಟೋ (ಚಕ್ರದ ಮುಂತುದಿ ಒಳಗೋ ಹೊರಗೋ ನೋಡೋದು) ಒಟ್ಟು 3 ಮಿಮೀ ಹೊರಗೆ. ಸಾಲಿಡ್ ಆಕ್ಸಲ್‌ಗೆ ಹಿಂದೆ ಹೊಂದಿಸೋಕೆ ಏನೂ ಇಲ್ಲ, ನೆಮ್ಮದಿ. 2015ರ ನಂತರದ್ದಾದ್ರೆ (ಅದಕ್ಕೆ ಇಂಡಿಪೆಂಡೆಂಟ್, ಅಂದ್ರೆ ಹಿಂದಿನ ಚಕ್ರಕ್ಕೊಂದು ಬೇರೆ ಸಸ್ಪೆನ್ಷನ್) ಹಿಂದೆ ಕ್ಯಾಂಬರ್ ಮೈನಸ್ ಅರ್ಧದಿಂದ ಒಂದು, ಟೋ ಸೊನ್ನೆ ಅಥವಾ ಕೂದಲೆಳೆ ಒಳಗೆ.

ಧಾರವಾಡ ಡಿಫ್
ಅಲ್ರಿ, ಎಲ್ಲಾರೂ ಸ್ಟೀರಿಂಗ್, ಕುದುರಿ ಅಂತ ಬಡಕೊಳ್ಳಾಕತ್ತೀರಿ, ಡಿಫ್ ಬಗ್ಗೆ ಒಬ್ಬರೂ ಬಾಯಿ ಬಿಡವಲ್ರಿ. ಒಂದ ಚಕ್ರ ಹೊಗಿ ಬಿಡೂದು ಡ್ರಿಫ್ಟ್ ಅಲ್ಲ, ಎರಡೂ ಕೂಡಿ ತಿರುಗಬೇಕು.

ಮಸ್ಟ್ಯಾಂಗ್ ಜಿಟಿಯೊಳಗ ಟ್ರ್ಯಾಕ್ಷನ್-ಲಾಕ್ ಅಂತ ಕ್ಲಚ್ ಇರೋ ಎಲ್‌ಎಸ್‌ಡಿ (ಎರಡೂ ಗಾಲಿ ಕೂಡಿ ತಿರುಗಿಸೋ ಡಿಫ್) ಬರ್ತೈತಿ. ಹಳೇ ಗಾಡಿಯೊಳಗ ಆ ಕ್ಲಚ್ ಸವದು ಓಪನ್ ಡಿಫ್ ಆಗಿರ್ತೈತಿ, ಮಾರೋವನಿಗೂ ಗೊತ್ತಿರಂಗಿಲ್ಲ. ತಗೊಳ್ಳೂ ಮೊದಲ ಪರೀಕ್ಷಾ ಮಾಡ್ರಿ: ಹಿಂದಿನ ಎರಡೂ ಗಾಲಿ ಎತ್ತಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದ ಗಾಲಿ ಕೈಲೆ ತಿರುಗಿಸ್ರಿ. ಇನ್ನೊಂದು ಅದೇ ದಿಕ್ಕಿಗೆ ಬಂದರ ಜೀವ ಐತಿ. ಉಲ್ಟಾ ತಿರುಗಿದರ ಕ್ಲಚ್ ಖಲಾಸ್. ಪಕ್ಕಾ ತಿಳಿಬೇಕಂದ್ರ ಒಂದ ಗಾಲಿ ನೆಲದ ಮ್ಯಾಲೆ, ಒಂದ ಮ್ಯಾಲೆ ಇಟ್ಟು ಟಾರ್ಕ್ ರೆಂಚ್ ಹಚ್ಚಿ ನೋಡ್ರಿ, 20 ಪೌಂಡ್-ಅಡಿಕಿಂತ ಕಡಿಮಿಗೆ ಜಾರಿದರ ಕ್ಲಚ್ ಪ್ಯಾಕ್ ಹೊಸದು ಹಾಕೂದ.

ಪ್ಯಾಕ್ ಹಾಕಿದ ಮ್ಯಾಲೆ 75ಡಬ್ಲ್ಯು-140 ಎಣ್ಣಿ. ಫ್ರಿಕ್ಷನ್ ಮಾಡಿಫೈಯರ್ (ಕ್ಲಚ್ ನಯವಾಗಿ ಜಾರಾಕ ಎಣ್ಣಿಗೆ ಸೇರಸೂದು) ಕಂಪನಿ ಲೆಕ್ಕದ ಪ್ರಕಾರ 4 ಔನ್ಸ್, ಅಂದ್ರ 118 ಮಿಲಿ. ಡ್ರಿಫ್ಟ್ ಮಾಡೋರು ಅದನ್ನ ಅರ್ಧಕ್ಕ ಇಳಿಸ್ತಾರ, ಹಿಡಿತ ಬಿಗಿ ಆಗ್ತೈತಿ. ಪಾರ್ಕಿಂಗಿನ್ಯಾಗ ತಿರುಗಿಸುವಾಗ ಕಟಕಟ ಅಂತೈತಿ, ಅದಕ್ಕ ಹೆದರಬ್ಯಾಡ್ರಿ.

ಆಗಾಗಬರ್ತೀನಿ
ಡಿಫ್ ಒಳಗಿನ ಗೇರುಗಳನ್ನೇ ವೆಲ್ಡಿಂಗ್ ಮಾಡಿಸಿ ಎರಡೂ ಚಕ್ರ ಒಂದಾಗಿಸಿಬಿಟ್ರೆ ಮುಗೀತಲ್ಲ? ಒಂದು ಗಂಟೆ ಕೆಲಸ, ಪ್ಯಾಕೂ ಬೇಡ, ಎಣ್ಣೆ ಲೆಕ್ಕನೂ ಬೇಡ.

ಧಾರವಾಡ ಡಿಫ್
ತಮ್ಮಾ, ತಡಿ. ನಿಸಾನಿನ್ಯಾಗ ವೆಲ್ಡ್ ಮಾಡೂದು ಬ್ಯಾರೆ, ಫೋರ್ಡ್ 8.8 ಇಂಚಿನ ಆಕ್ಸಲ್‌ನ್ಯಾಗ ಬ್ಯಾರೆ. 8.8ರೊಳಗ ಆಕ್ಸಲ್ ಶಾಫ್ಟ್ ಹಿಡಕೊಂಡಿರೂದು ಡಿಫ್ ಒಳಗಿನ ಒಂದು ಸಣ್ಣ ಸಿ-ಕ್ಲಿಪ್. ಶಾಫ್ಟ್ ಮುರದರ ಅದಕ್ಕ ಹಿಡತ ಇರಂಗಿಲ್ಲ, ಶಾಫ್ಟ್ ಸಮೇತ ಗಾಲಿ ಹೊರಗ ಬರ್ತೈತಿ. ವೆಲ್ಡ್ ಮಾಡಿದರ ಎಲ್ಲಾ ತಿರುಚು ಭಾರ ಶಾಫ್ಟ್ ಮ್ಯಾಲೇನ. ಇನ್ನೊಂದು, ಕ್ಲಿಪ್ ತಗಿಯೂದು ಅಡ್ಡ ಪಿನ್ ಬಿಚ್ಚಿದ ಮ್ಯಾಲೇನ. ವೆಲ್ಡ್ ಮಾಡುವಾಗ ಪಿನ್ ದಾರಿ ಮುಚ್ಚಿದರ ನಾಳೆ ಶಾಫ್ಟ್ ಬಿಚ್ಚಾಕ ಬರಂಗಿಲ್ಲ.

2005ರ ನಂತರದ ಜಿಟಿಗೆ 31 ಸ್ಪ್ಲೈನ್ (ತುದಿಯ ಹಲ್ಲು) ಶಾಫ್ಟ್, ತಕ್ಕಮಟ್ಟಿಗೆ ಗಟ್ಟಿ. ಹಳೇ ಫಾಕ್ಸ್ ಬಾಡಿ ಜಿಟಿಗೆ 28, ಅದಕ್ಕ ವೆಲ್ಡ್ ಮಾಡೂ ವಿಚಾರ ಬಿಡ್ರಿ. 2005–10ರ ವಿ6 ಗಾಡಿಗೆ 7.5 ಇಂಚಿನ ಡಿಫ್, ಅದನ್ನಂತೂ ಮುಟ್ಟಲೇಬ್ಯಾಡ್ರಿ.

ಏಣಿಮನೆ
ಧಾರವಾಡದೋರೆ, ಹಾಗಾದ್ರೆ 2011–14ರ ವಿ6? ಬೆಲೆ ಬಹಳ ಕಮ್ಮಿ ಇದೆ.

ಧಾರವಾಡ ಡಿಫ್
ಅದು ಛಲೋ. 3.7 ಲೀಟರ್, 305 ಎಚ್‌ಪಿ, 2011ರಿಂದ ವಿ6ಗೂ 8.8 ಕೊಟ್ಟಾರ. ಎಲ್‌ಎಸ್‌ಡಿ ಐತೋ ಇಲ್ಲೋ ನೋಡಿ ತಗೋರಿ.

ಎಂಟುಸಿಲಿಂಡರ್
305 ಎಚ್‌ಪಿ ವಿ6 ಮಸ್ಟ್ಯಾಂಗ್, ಎಸ್13ರ ಕಂಪನಿ ಇಂಜಿನ್ನಿನ ಎರಡರಷ್ಟು. ಇದನ್ನೂ "ಬಡವರ ಮಸ್ಟ್ಯಾಂಗ್" ಅಂತಾರೆ, ದೇವರೇ ಕಾಪಾಡಬೇಕು.

ಸಾಲಿಡ್ ಆಕ್ಸಲ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಡ್ರಿಫ್ಟಿಗೆ ಅದು ಶಾಪ ಅಲ್ಲ. ಎರಡೂ ಹಿಂದಿನ ಟೈರ್ ಸದಾ ನೆಲಕ್ಕೆ ಚಪ್ಪಟೆ ಕೂರುತ್ತೆ, ಕಾರು ಎಷ್ಟೇ ವಾಲಿದ್ರೂ ಕ್ಯಾಂಬರ್, ಟೋ ಬದಲಾಗಲ್ಲ. ಟೈರ್ ಒಳಗೂ ಹೊರಗೂ ಒಂದೇ ಸಮ ಸವೆಯುತ್ತೆ. ಕಷ್ಟ ಬರೋದು ಉಬ್ಬು ತಗ್ಗಿನ ಮೇಲೆ, ಇಡೀ ಆಕ್ಸಲ್ ಕುಣಿಯುತ್ತೆ. ಮತ್ತೆ ಕಾರು ತಗ್ಗಿಸಿದೋರಿಗೆ. ತಗ್ಗಿಸಿದಾಗ ಎರಡು ಕೆಡುತ್ತೆ:

ಒಂದು, ಪ್ಯಾನ್‌ಹಾರ್ಡ್ ಬಾರ್ (ಆಕ್ಸಲ್ ಪಕ್ಕಕ್ಕೆ ಹೋಗದ ಹಾಗೆ ಹಿಡಿಯೋ ಕೋಲು) ಕಮಾನಿನಲ್ಲಿ ಚಲಿಸೋದರಿಂದ ಆಕ್ಸಲ್ ಪಕ್ಕಕ್ಕೆ ಸರಿಯುತ್ತೆ. ಉದ್ದ ಹೊಂದಿಸಬಹುದಾದ ಬಾರ್ ಹಾಕಿ ನಡುವಿಗೆ ತರಬೇಕು.

ಎರಡು, ಕೆಳಗಿನ ಕಂಟ್ರೋಲ್ ಆರ್ಮ್ ಹಿಂದಕ್ಕೆ ಮೇಲೆದ್ದು ನಿಲ್ಲುತ್ತೆ, ಆ್ಯಂಟಿಸ್ಕ್ವಾಟ್ (ಹಿಂಭಾಗ ಕುಸಿಯದ ಹಾಗೆ ತಡೆಯೋ ಗುಣ) ಹೋಗುತ್ತೆ, ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ದಡದಡ ಹಾರುತ್ತೆ. ಡ್ರಿಫ್ಟಿನಲ್ಲಿ ಈ ವೀಲ್ ಹಾಪ್ ಬಂದ್ರೆ ಮುರಿಯೋದು ಶಾಫ್ಟ್ ಅಥವಾ ಡಿಫ್. ಆರ್ಮಿನ ಹಿಂದಿನ ತುದಿಯನ್ನ ಕೆಳಗಿಳಿಸೋ ರೀಲೊಕೇಷನ್ ಬ್ರ್ಯಾಕೆಟ್ ಹಾಕಿ, ಬುಷ್ ಬದಲಾಯಿಸಿ. ಸಣ್ಣ ಖರ್ಚು, ದೊಡ್ಡ ಫಲ.

ಕುಡ್ಲದ ಕ್ಲಚ್
2015ರ ನಂತರದ್ದಕ್ಕೆ ಇಂಡಿಪೆಂಡೆಂಟ್ ಉಂಟು, ಅದು ಇನ್ನೂ ಒಳ್ಳೇದು ಅಂತ ಎಲ್ಲ ಹೇಳ್ತಾರೆ. ಹೌದು, ಆದ್ರೆ ಅದೂ ಕುಣಿಯುವುದುಂಟು. ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್, ಡಿಫ್ ಹೊತ್ತ ಚೌಕಟ್ಟು) ಕೂತಿರುವುದು ಮೆತ್ತಗಿನ ರಬ್ಬರ್ ಬುಷ್ ಮೇಲೆ. ಕ್ಲಚ್ ಕಿಕ್ (ಕ್ಲಚ್ ಒತ್ತಿ ಫಟ್ಟನೆ ಬಿಟ್ಟು ಚಕ್ರ ಜಾರಿಸುವುದು) ಕೊಟ್ಟಾಗ ಇಡೀ ಸಬ್‌ಫ್ರೇಮ್ ತಿರುಚಿ, ಟೋ ಬದಲಾಗಿ, ಕಾರು ತನ್ನಷ್ಟಕ್ಕೆ ಹಿಂದಿನಿಂದ ಸ್ಟೀರ್ ಮಾಡಿದ ಹಾಗೆ ಆಗ್ತದೆ. ಸಬ್‌ಫ್ರೇಮ್ ಲಾಕೌಟ್ ಕಿಟ್ ಮತ್ತೆ ಟೋ ಲಿಂಕ್ ಬೇರಿಂಗ್ ಹಾಕಿದ್ರೆ ಮುಕ್ಕಾಲು ಭಾಗ ಹೋಗ್ತದೆ. ಕ್ಯಾಬಿನ್ ಒಳಗೆ ಡಿಫ್ ಗುಯ್ಯ್ ಅನ್ನುವ ಶಬ್ದ ಬರ್ತದೆ, ಹೆಂಡತಿ ಮಕ್ಕಳನ್ನು ಕೂರಿಸುವ ಕಾರಾದ್ರೆ ಯೋಚನೆ ಮಾಡಿ.

ಟೈರ್‌ಲೆಕ್ಕ
ಗೇರಿಂಗ್ ಲೆಕ್ಕ ಬೇಕಾದೋರಿಗೆ. 2011–14ರ ಜಿಟಿ ಗೇರ್‌ಬಾಕ್ಸ್‌ನಲ್ಲಿ ಎರಡನೇ ಗೇರ್ 2.43, ಮೂರನೇದು 1.69. ಹಿಂದಿನ ಟೈರ್ 255/45ಆರ್18 ಅಂತ ಇಟ್ಟುಕೊಳ್ಳಿ, ಒಂದು ಸುತ್ತಿಗೆ 2.157 ಮೀಟರ್. 6,500 ಆರ್‌ಪಿಎಂನಲ್ಲಿ:

ಡಿಫ್ ಗೇರಿನ ಅನುಪಾತ 3.31 ಇದ್ರೆ ಎರಡನೇ ಗೇರಲ್ಲಿ ಚಕ್ರದ ವೇಗ ಗಂಟೆಗೆ 105 ಕಿಮೀ, ಮೂರನೇದರಲ್ಲಿ 150.
3.73 ಇದ್ರೆ 93 ಮತ್ತು 133.

ಇದು ಕಾರಿನ ವೇಗ ಅಲ್ಲ, ಚಕ್ರ ಸುತ್ತೋ ವೇಗ. ಕಾರು 60ರಲ್ಲಿ ಜಾರ್ತಾ ಇದ್ರೆ ಚಕ್ರ 90ರ ಹತ್ತಿರ ಸುತ್ತುತ್ತಾ ಇರಬಹುದು. ಹಾಗಾಗಿ ಸಣ್ಣ ಟ್ರ್ಯಾಕಿಗೆ 3.31 ಇದ್ದರೆ ಎರಡನೇ ಗೇರೇ ಸಾಕು, ಲಿಮಿಟರ್ (ಇಂಜಿನ್ ವೇಗದ ಕಡಿವಾಣ) ಬಡಿಯಲ್ಲ. 3.73 ಹಾಕಿದ್ರೆ ತಿರುವಿನ ನಡುವೆ ಲಿಮಿಟರ್ ತಾಗುತ್ತೆ, ಮೂರಕ್ಕೆ ಹೋಗ್ಬೇಕು. ಮೂರಕ್ಕೆ ಹಾಕಿದಾಗ ಇಂಜಿನ್ 4,500ರ ಹತ್ತಿರ ಬಂದು ನಿಲ್ಲುತ್ತೆ. ಆ 5.0 ಇಂಜಿನ್ನಿನ ಗರಿಷ್ಠ ಟಾರ್ಕ್ 4,250ರಲ್ಲಿ, ಹಾಗಾಗಿ ಪರವಾಗಿಲ್ಲ, ಎಳೆಯುತ್ತೆ. ಇದೇ ಕೆಲಸ ಎರಡು ಲೀಟರ್ ಟರ್ಬೊದಲ್ಲಿ ಮಾಡಿದ್ರೆ ಬೂಸ್ಟ್ ಬರೋವರೆಗೆ ಕ್ಲಚ್ ಕಿಕ್ ಕೊಡ್ತಾ ಕೂರಬೇಕು. ದೊಡ್ಡ ವಿ8ನ ನಿಜವಾದ ಲಾಭ ಇಲ್ಲಿದೆ, ಗರಿಷ್ಠ ಕುದುರೆಯಲ್ಲಿ ಅಲ್ಲ.

ಸಿಲ್ವಿಯಾಪ್ರಿಯ
ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದ್ರೆ ಆ ಗೇರ್‌ಬಾಕ್ಸಿನಲ್ಲಿ ಎರಡರಿಂದ ಮೂರಕ್ಕೆ ರಭಸದಲ್ಲಿ ಹಾಕಿ ನೋಡಿ! ಎಂಟಿ82 ಅಂದ್ರೆ ಮಸ್ಟ್ಯಾಂಗ್ ಓಡಿಸೋರೇ ಹಲ್ಲು ಕಡೀತಾರೆ.

ಗೇರ್‌ಬಾಕ್ಸ್ ಗುಂಡಣ್ಣ
ಇದರಲ್ಲಿ ನಿಮ್ಮ ಮಾತು ನಿಜ. ಎಂಟಿ82ರ ದೂರು ಎರಡು. ಒಂದು, ಎರಡನೇ ಗೇರ್ ಗರಗರ ಅನ್ನೋದು. ಇನ್ನೊಂದು, ಆರ್‌ಪಿಎಂ ಏರಿದಾಗ ಕ್ಲಚ್ ಪೆಡಲ್ ನೆಲಕ್ಕೆ ಅಂಟಿಕೊಳ್ಳೋದು. ಪೆಡಲ್ ಅಂಟೋದಕ್ಕೆ ಪೆಡಲ್ ಮೇಲಿನ ಅಸಿಸ್ಟ್ ಸ್ಪ್ರಿಂಗ್ ಒಂದು ಕಾರಣ. ಅದನ್ನ ತೆಗೆದ್ರೆ ಅಥವಾ ಮೆತ್ತಗಿನದು ಹಾಕಿದ್ರೆ ಪೆಡಲ್ ವಾಪಸ್ ಬರುತ್ತೆ. ಜೊತೆಗೆ ಕ್ಲಚ್ ಎಣ್ಣೆ ಹೊಸದು ಹಾಕಿ, ಗಾಳಿ ತೆಗೆದು, ಶಿಫ್ಟರ್ ಬ್ರ್ಯಾಕೆಟ್ ಬುಷ್ ಗಟ್ಟಿ ಮಾಡಿ. ಕೊನೆ ಮದ್ದು ಟ್ರೆಮೆಕ್ ಮ್ಯಾಗ್ನಮ್ ಗೇರ್‌ಬಾಕ್ಸ್, ಅದರ ಬೆಲೆಗೆ ಇನ್ನೊಂದು ಹಳೇ ಕಾರು ಬರುತ್ತೆ. ಕಲಿಯೋ ಹಂತದಲ್ಲಿ ಬೇಡ. ಎರಡನೇ ಗೇರಲ್ಲೇ ಇರಿ, ಟೈರ್‌ಲೆಕ್ಕ ಹೇಳಿದ ಹಾಗೆ 3.31 ಡಿಫ್ ಇದ್ರೆ ಸಾಕಾಗುತ್ತೆ.

ಏಣಿಮನೆ
ಹ್ಯಾಂಡ್‌ಬ್ರೇಕ್? ಕಂಪನಿದು ನಡೆಯುತ್ತಾ?

ಕುಡ್ಲದ ಕ್ಲಚ್
ಮಸ್ಟ್ಯಾಂಗಿಗೆ 2023ರವರೆಗೆ ಕೈಯಲ್ಲಿ ಎಳೆಯುವ ಕೇಬಲ್ ಲಿವರ್ ಉಂಟು, ಅದು ದೊಡ್ಡ ಪುಣ್ಯ. ನೀರು ಹಾಕಿದ ಸ್ಕಿಡ್‌ಪ್ಯಾಡ್ (ಕಾರು ಜಾರಿಸಿ ಕಲಿಯುವ ಜಾಗ) ಮೇಲೆ ಕಲಿಯಲಿಕ್ಕೆ ಧಾರಾಳ ಸಾಕು. ಒಣ ಟಾರ್ ಮೇಲೆ ಅಗಲದ ಟೈರ್ ಲಾಕ್ ಮಾಡುವಷ್ಟು ಶಕ್ತಿ ಅದಕ್ಕಿಲ್ಲ. ಎಳೆಯುವ ಮೊದಲು ಕ್ಲಚ್ ಒತ್ತಿ ಮಾರಾಯ್ರೆ! ಹೊಸಬರು ಮರೆಯುವುದು ಇದೇ. ಕ್ಲಚ್ ಒತ್ತದೆ ಎಳೆದ್ರೆ ಚಕ್ರದ ಜೊತೆ ಇಂಜಿನನ್ನೂ ನಿಲ್ಲಿಸಲಿಕ್ಕೆ ನೋಡಿದ ಹಾಗೆ, ಕಾರು ಆಫ್, ಪವರ್ ಸ್ಟೀರಿಂಗೂ ಆಫ್.

ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಹಾಕುವುದಾದ್ರೆ ಎರಡು ದಾರಿ. ಒಂದು, ಹಿಂದಿನ ಬ್ರೇಕ್ ಲೈನಿನ ನಡುವೆಯೇ ಸಿಲಿಂಡರ್ ಕೂರಿಸುವುದು. ಇಲ್ಲಿ ತೊಂದರೆ ಏನಂದ್ರೆ ಎಬಿಎಸ್ ಪೆಟ್ಟಿಗೆಯಿಂದ ಹಿಂದಿನ ಎಡ, ಬಲ ಚಕ್ರಕ್ಕೆ ಬೇರೆ ಬೇರೆ ಪೈಪ್ ಹೋಗ್ತದೆ. ಎರಡನ್ನೂ ಒಂದಕ್ಕೆ ಸೇರಿಸಿದ್ರೆ ಎಬಿಎಸ್ ಲೆಕ್ಕ ತಪ್ತದೆ. ಇನ್ನೊಂದು, ಹಿಂದಿನ ಪ್ರತಿ ಚಕ್ರಕ್ಕೆ ಎರಡನೇ ಕ್ಯಾಲಿಪರ್ ಹಾಕಿ, ಲಿವರಿಗೆ ಬೇರೆಯೇ ಎಣ್ಣೆ, ಬೇರೆಯೇ ಪೈಪ್. ಖರ್ಚು ಹೆಚ್ಚು, ಆದ್ರೆ ಕಾಲಿನ ಬ್ರೇಕ್ ಹಾಳಾಗುವುದಿಲ್ಲ. ಮಾಸ್ಟರ್ ಸಿಲಿಂಡರ್ 5/8 ಇಂಚಿನಿಂದ 3/4 ಇಂಚಿನವರೆಗೆ ಹಾಕ್ತಾರೆ. ಸಣ್ಣದಾದ್ರೆ ಕೈಗೆ ಹಗುರ, ಲಿವರ್ ಹೆಚ್ಚು ದೂರ ಬರ್ತದೆ. ದೊಡ್ಡದಾದ್ರೆ ಗಿಡ್ಡ ಎಳೆತ, ಆದ್ರೆ ರಟ್ಟೆ ಬೇಕು.

ಎಬಿಎಸ್ ಫ್ಯೂಸ್ ಕೀಳುವವರಿಗೆ ಒಂದು ಮಾತು: ಅದರ ಜೊತೆ ಹಿಂದೆ ಮುಂದೆ ಬ್ರೇಕ್ ಹಂಚುವ ಕೆಲಸವೂ ನಿಲ್ತದೆ. ಗಟ್ಟಿ ಬ್ರೇಕ್ ಹಾಕಿದ್ರೆ ಹಿಂದಿನ ಚಕ್ರ ಮೊದಲು ಲಾಕ್ ಆಗ್ತದೆ. ಮನೆಗೆ ಓಡಿಸಿಕೊಂಡು ಹೋಗುವ ಮೊದಲು ಫ್ಯೂಸ್ ವಾಪಸ್ ಹಾಕಿ.

ಆಗಾಗಬರ್ತೀನಿ
2024ರ ಮಸ್ಟ್ಯಾಂಗ್‌ನಲ್ಲಿ ಕಂಪನಿಯೇ ಡ್ರಿಫ್ಟ್ ಬ್ರೇಕ್ ಕೊಟ್ಟಿದೆಯಲ್ಲ?

ಎಂಟುಸಿಲಿಂಡರ್
ಕೊಟ್ಟಿದೆ. ನೋಡೋಕೆ ಹಳೇ ಲಿವರ್, ಒಳಗೆ ಎಲೆಕ್ಟ್ರಾನಿಕ್. ಗಿಟಿನ್ ಅವರ ಆರ್‌ಟಿಆರ್ ಕಂಪನಿ ಜೊತೆ ಸೇರಿ ಮಾಡಿದ್ದು. ಅದಕ್ಕೂ ಲೈನ್ ಲಾಕ್‌ಗೂ ಗೊಂದಲ ಮಾಡ್ಕೋಬೇಡಿ. 2015ರಿಂದ ಬಂದ ಲೈನ್ ಲಾಕ್ ಹಿಡಿಯೋದು ಮುಂದಿನ ಚಕ್ರನ, ನಿಂತಲ್ಲೇ ಬರ್ನ್‌ಔಟ್ ಮಾಡೋಕೆ. ಡ್ರಿಫ್ಟಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ.

ಬೆಳಗಾವಿ ಬೋಲ್ಟ್
ಚಾಲೆಂಜರ್ ಯಾರೂ ಎತ್ತುತ್ತಿಲ್ಲ ಯಾಕೆ? ಅದರ ಹೆಮಿ ವಿ8 ಶಬ್ದಕ್ಕೆ ಸಾಟಿ ಏನಿದೆ?

ಟೈರ್‌ಲೆಕ್ಕ
ಶಬ್ದಕ್ಕೆ ಸಾಟಿ ಇಲ್ಲ, ಟೈರ್ ಬಿಲ್ಲಿಗೂ ಸಾಟಿ ಇಲ್ಲ. ಬಹುಪಾಲು ಆಟೊಮ್ಯಾಟಿಕ್, ಕ್ಲಚ್ ಕಿಕ್ ಇಲ್ಲ. ಪಾರ್ಕಿಂಗ್ ಬ್ರೇಕ್ ಕಾಲಲ್ಲಿ ಒತ್ತೋದು. ಆರನೇ ತಲೆಮಾರಿನ ಕ್ಯಾಮರೊ ಕಾರಾಗಿ ಬಹಳ ಒಳ್ಳೇದು, ಆದ್ರೆ ಪಾರ್ಕಿಂಗ್ ಬ್ರೇಕ್ ಎಲೆಕ್ಟ್ರಾನಿಕ್ ಬಟನ್, ಮೊದಲ ದಿನವೇ ಹೈಡ್ರಾಲಿಕ್ ಬೇಕು. ಹೊರಗೆ ನೋಡೋಕೂ ಕಿಟಕಿ ಇಲ್ಲ, ತೂತು ಇದೆ. 2023ರ ಕೊನೆಗೆ ಡಾಡ್ಜ್, ಷೆವ್ರೊಲೆ ಎರಡೂ ಅವನ್ನ ನಿಲ್ಲಿಸಿದ ಮೇಲೆ ಬಿಡಿಭಾಗದ ಮಾರುಕಟ್ಟೆನೂ ಮಸ್ಟ್ಯಾಂಗ್ ಕಡೆಗೇ ವಾಲಿದೆ.

ಸಿಲ್ವಿಯಾಪ್ರಿಯ
ಅಂದಹಾಗೆ ಮಸ್ಟ್ಯಾಂಗ್ ಮಸಲ್ ಕಾರೇ ಅಲ್ಲ, ಪೋನಿ ಕಾರ್ (ಅದಕ್ಕಿಂತ ಚಿಕ್ಕ ಸ್ಪೋರ್ಟಿ ಕಾರು). 1964ರ ಪಾಂಟಿಯಾಕ್ ಜಿಟಿಒ ಮಸಲ್ ಕಾರ್.

ಆಗಾಗಬರ್ತೀನಿ
ಬಂತಪ್ಪ, ಇದೊಂದು ಬಾಕಿ ಇತ್ತು.

ಎಂಟುಸಿಲಿಂಡರ್
ಅಕ್ಷರಶಃ ಸರಿ. ಹಾಗೆ ನೋಡಿದ್ರೆ ಕ್ಯಾಮರೊನೂ ಪೋನಿ, ಚಾಲೆಂಜರೂ ಪೋನಿ, ಇಡೀ ಥ್ರೆಡ್ಡೇ ಅಳಿಸಬೇಕು. ಬಳಕೆಯಲ್ಲಿ ಮೂರನ್ನೂ ಮಸಲ್ ಅಂತಾರೆ, ಮುಂದೆ ಹೋಗೋಣ.

ನಿಯಮ ಮುರಿಯೋದಾದ್ರೆ ಸರಿಯಾಗಿ ಮುರಿಯಿರಿ: ಸಿ5 ಕಾರ್ವೆಟ್ ನೋಡಿ. ವೀಲ್‌ಬೇಸ್ 2,654 ಮಿಮೀ, 1,470 ಕೆಜಿಯ ಹತ್ತಿರ, ಗೇರ್‌ಬಾಕ್ಸ್ ಹಿಂದೆ ಕೂತಿರೋದರಿಂದ ತೂಕ ಹೆಚ್ಚುಕಮ್ಮಿ ಸಮಪಾಲು. 5.7 ಲೀಟರ್ ಎಲ್‌ಎಸ್1. ಮ್ಯಾಟ್ ಫೀಲ್ಡ್ ಫಾರ್ಮುಲಾ ಡ್ರಿಫ್ಟಿನಲ್ಲಿ ಓಡಿಸಿದ್ದು ಅದರ ತಮ್ಮ ಸಿ6. ಕ್ಲಚ್ ಕಿಕ್ ಜಾಸ್ತಿ ಕೊಟ್ರೆ ಟಾರ್ಕ್ ಟ್ಯೂಬ್ (ಇಂಜಿನ್ನಿನಿಂದ ಹಿಂದಿನ ಗೇರ್‌ಬಾಕ್ಸಿಗೆ ಹೋಗೋ ಕೊಳವೆ) ಒಳಗಿನ ರಬ್ಬರ್ ಕಪ್ಲರ್ ಹರಿಯುತ್ತೆ, ಬದಲಾಯಿಸೋಕೆ ಹಿಂದಿನ ಅರ್ಧ ಕಾರು ಇಳಿಸಬೇಕು. ಹ್ಯಾಂಡ್‌ಬ್ರೇಕ್ ಡಿಸ್ಕಿನ ಒಳಗಿನ ಪುಟ್ಟ ಡ್ರಮ್, ನಂಬಬೇಡಿ.

ಗೇರ್‌ಬಾಕ್ಸ್ ಗುಂಡಣ್ಣ
ಮೊದಲು ಮುರಿಯೋದು ಏನು ಅಂತ ಕೇಳಿದ್ರಲ್ಲ, ಮುರಿಯೋದಕ್ಕಿಂತ ಮೊದಲು ಕುದಿಯುತ್ತೆ. ಕಾರು ಅಡ್ಡ ಹೋಗುವಾಗ ರೇಡಿಯೇಟರಿಗೆ ನೇರ ಗಾಳಿ ಸಿಗಲ್ಲ, ಇಂಜಿನ್ ಮಾತ್ರ 6,000ದಲ್ಲಿ ಕಿರುಚ್ತಾ ಇರುತ್ತೆ. ಎರಡು ಮೂರು ಸುತ್ತು ಹೊಡೆದು ಬಂದು ಬಾನೆಟ್ ತೆರೆದು ಆರಿಸಿ. ಮೂರು ಬಿಸಿ ಗಮನಿಸಿ: ಇಂಜಿನ್ ಎಣ್ಣೆ, ನೀರು, ಪವರ್ ಸ್ಟೀರಿಂಗ್.

2005–10ರ ಮಸ್ಟ್ಯಾಂಗಿಗೆ ಹೈಡ್ರಾಲಿಕ್ ಸ್ಟೀರಿಂಗ್. ಎಣ್ಣೆ ಕುದ್ದು ಮುಚ್ಚಳದಿಂದ ಉಕ್ಕಿ ಎಕ್ಸಾಸ್ಟ್ ಮೇಲೆ ಬಿದ್ರೆ ಬೆಂಕಿ. ಸಣ್ಣ ಕೂಲರ್ ಹಾಕಿ, ಡಬ್ಬಿ ಸುತ್ತ ಬಟ್ಟೆ ಸುತ್ತಿ. 2011ರಿಂದ ಎಲೆಕ್ಟ್ರಿಕ್. ಆ ಕಡೆ ಈ ಕಡೆ ಪೂರ್ತಿ ತಿರುಗಿಸ್ತಾ ಇದ್ರೆ ಮೋಟರ್ ಬಿಸಿಯಾಗಿ ತನ್ನನ್ನ ಕಾಪಾಡಿಕೊಳ್ಳೋಕೆ ಸಹಾಯ ಕಮ್ಮಿ ಮಾಡುತ್ತೆ, ಸ್ಟೀರಿಂಗ್ ಕಲ್ಲಾಗುತ್ತೆ. ಹಾಗಾದ ಕೂಡಲೇ ಪಿಟ್‌ಗೆ ಬನ್ನಿ, ಹಟ ಮಾಡಬೇಡಿ.

ಎಲ್‌ಎಸ್ ಇಂಜಿನ್ನಿಗೆ ಉದ್ದನೆಯ ತಿರುವಿನಲ್ಲಿ ಎಣ್ಣೆ ಒಂದು ಮೂಲೆಗೆ ಸರಿದು ಪಿಕಪ್ ಗಾಳಿ ಹೀರುತ್ತೆ. ಟ್ರ್ಯಾಕ್ ದಿನಕ್ಕೆ ಒಂದು ಕ್ವಾರ್ಟ್ ಜಾಸ್ತಿ ಹಾಕ್ತಾರೆ, ಖಾಯಂ ಮದ್ದು ಬ್ಯಾಫಲ್ ಇರೋ ಆಯಿಲ್ ಪ್ಯಾನ್. ಫೋರ್ಡ್ 5.0ಗೆ ಬೇರೆ ರೋಗ: ಆಯಿಲ್ ಪಂಪ್ ಗೇರ್ ಪುಡಿಲೋಹದ್ದು, ಸೂಪರ್‌ಚಾರ್ಜರ್ ಹಾಕಿ ಲಿಮಿಟರ್ ಮೇಲೆ ಬಡೀತಾ ಇದ್ರೆ ಸೀಳುತ್ತೆ, ಇಂಜಿನ್ ಅಲ್ಲಿಗೆ ಮುಗೀತು. ಕಂಪನಿ ಪವರ್‌ನಲ್ಲಿ ಇದ್ದು ಲಿಮಿಟರಿನಿಂದ ದೂರ ಇದ್ರೆ ಭಯ ಕಮ್ಮಿ.

ಟೈರ್‌ಲೆಕ್ಕ
ಟೈರ್ ಗಾಳಿ ಬಗ್ಗೆ ಒಂದು. "ಹಿಂದೆ 50 ಪಿಎಸ್‌ಐ ಹೊಡಿ, ಜಾರುತ್ತೆ" ಅನ್ನೋ ಸಲಹೆ ಶಕ್ತಿ ಇಲ್ಲದ ಕಾರಿಗೆ. ವಿ8ಗೆ ಜಾರಿಸೋಕೆ ಸಹಾಯ ಬೇಡ, ಮುಂದಕ್ಕೆ ತಳ್ಳೋಕೆ ಹಿಡಿತ ಬೇಕು. ಹಿಂದೆ 32–35ರಿಂದ ಶುರು ಮಾಡಿ, ಬಿಸಿಯಾದ ಮೇಲೆ ಮತ್ತೆ ಅಳೆಯಿರಿ. ಕಲಿಯೋಕೆ ಟ್ರೆಡ್‌ವೇರ್ (ಟೈರ್ ಎಷ್ಟು ನಿಧಾನ ಸವೆಯುತ್ತೆ ಅನ್ನೋ ಅಂಕ) 400 ಮೇಲಿನ ಅಗ್ಗದ ಟೈರ್ ಸಾಕು.

ಮೈಸೂರ್ ಪಾಕ್
ಬೆಂಗಳೂರಲ್ಲೂ ಮಸ್ಟ್ಯಾಂಗ್ ಇವೆಯಲ್ಲ, ರಾತ್ರಿ ಖಾಲಿ ರಸ್ತೇಲಿ ಟ್ರೈ ಮಾಡಬಹುದಾ? 😄

ಕುಡ್ಲದ ಕ್ಲಚ್
2016ರಲ್ಲಿ 65 ಲಕ್ಷಕ್ಕೆ ಭಾರತಕ್ಕೆ ಬಂದದ್ದು ಆಟೊಮ್ಯಾಟಿಕ್ ಮಾತ್ರ, ಕ್ಲಚ್ಚೇ ಇಲ್ಲ. ರಸ್ತೆ ಮೇಲೆ ಮಾಡಿದ್ರೆ ಮೋಟಾರು ವಾಹನ ಕಾಯ್ದೆಯ 184 ಅಪಾಯಕಾರಿ ಚಾಲನೆಗೆ, ಪಂದ್ಯ ಕಟ್ಟಿದ್ರೆ 189. ಆ್ಯಂಗಲ್ ಕಿಟ್ ಹಾಕಿ ರಸ್ತೆಗಿಳಿಸಿದ್ರೆ 52. ಕ್ಯಾಲಿಫೋರ್ನಿಯಾದಲ್ಲಿ ಆದ್ರೆ ಕಾರನ್ನು 30 ದಿನ ಎತ್ತಿಕೊಂಡು ಹೋಗಬಹುದು. ಟ್ರ್ಯಾಕ್ ಇರುವುದು ಯಾಕೆ ಮಾರಾಯ್ರೆ?

ನಿರ್ವಾಹಕ
ರಸ್ತೆ ಮೇಲಿನ ಪ್ರಯೋಗದ ಮಾತು ಇಲ್ಲಿಗೆ ಸಾಕು. ವಿಷಯಕ್ಕೆ ಬನ್ನಿ.

ಏಣಿಮನೆ
ಎಲ್ಲರಿಗೂ ಧನ್ಯವಾದ. 3.31 ಡಿಫ್ ಇರೋ ಜಿಟಿ ಅಥವಾ ಎಲ್‌ಎಸ್‌ಡಿ ಇರೋ 3.7 ವಿ6 ಹುಡುಕ್ತೀನಿ. ಕೊನೇದಾಗಿ: ಹೆಚ್ಚುವರಿ ರಿಮ್ ಬೇಕಲ್ಲ, 350ಝಡ್ ರಿಮ್ ಅಗ್ಗಕ್ಕೆ ಸಿಗ್ತಿವೆ. ಎರಡಕ್ಕೂ 5x114.3 (ಐದು ಬೋಲ್ಟ್, 114.3 ಮಿಮೀ ವೃತ್ತದಲ್ಲಿ) ಅಂತೆ, ಕೂರುತ್ತಾ?

ಟೈರ್‌ಲೆಕ್ಕ
ಬೋಲ್ಟ್ ಕೂರುತ್ತೆ, ನಡುವಿನ ತೂತು ಕೂರಲ್ಲ. ನಿಸಾನ್ 66.1 ಮಿಮೀ, ಮಸ್ಟ್ಯಾಂಗ್ ಹಬ್ 70.5. ಲೇಥ್‌ನಲ್ಲಿ ತೂತು ದೊಡ್ಡದು ಮಾಡಿಸಬೇಕು. ಬಲವಂತವಾಗಿ ನಟ್ ಬಿಗಿದ್ರೆ ರಿಮ್ ಸೊಟ್ಟ ಕೂತು ಸ್ಟಡ್ ಕತ್ತರಿಸುತ್ತೆ. ಬೇರೆ ಕಂಪನಿಯ ಆಫ್ಟರ್‌ಮಾರ್ಕೆಟ್ ರಿಮ್‌ಗೆ ಸಾಮಾನ್ಯವಾಗಿ 73 ಮಿಮೀ ತೂತು ಇರುತ್ತೆ, ರಿಂಗ್ ಹಾಕಿದ್ರೆ ಎರಡಕ್ಕೂ ಆಗುತ್ತೆ. ನಟ್ ಅದಲುಬದಲು ಮಾಡಬೇಡಿ: 2014ರವರೆಗೆ ಅರ್ಧ ಇಂಚಿನ ಸ್ಟಡ್, 2015ರಿಂದ 14 ಮಿಮೀ.

ಸಿಲ್ವಿಯಾಪ್ರಿಯ
ಸುಮ್ಮನೆ ಕೇಳ್ತಿದೀನಿ, ಯಾರೂ ನಗಬಾರದು. ಆ 8.8 ಡಿಫ್ 240ಎಸ್‌ಎಕ್ಸ್‌ಗೆ ಕೂರುತ್ತಾ?

ಧಾರವಾಡ ಡಿಫ್
ಬರ್ರಿ ಬರ್ರಿ 😂 ಸಾಲಿಡ್ ಆಕ್ಸಲಿಂದಲ್ಲ, ಫೋರ್ಡ್ ಎಕ್ಸ್‌ಪ್ಲೋರರ್‌ನ ಇಂಡಿಪೆಂಡೆಂಟ್ 8.8 ಬೇಕು. ಅದನ್ನ ಕೂಡ್ಸಾಕ ಮೌಂಟ್ ಕಿಟ್ ಸಿಗ್ತಾವ, ಶಾಫ್ಟ್ ಬ್ಯಾರೆ ಮಾಡಿಸಬೇಕು. ಹೊಸಾ ಥ್ರೆಡ್ ತಗೀರಿ, ಅಲ್ಲೇ ಹೇಳ್ತೀನಿ.